ನಿಮ್ಮಪ್ಪನ ನಂಬರು

ಮೊಳಕಾಲ್ಮೂರು
೧೨ ಜೂನ್ ೨೦೨೩

ಶಾಂತಕುಮಾರಿಗೆ ಬಸವಲಿಂಗಮ್ಮ ಬರೆಯುವುದೇನೆಂದರೆ,

ಸಂಘದ ಮಹಾಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, “ಅವ್ವ, ನಿನಗೆ ವಯಸ್ಸಾತು, ಅಧ್ಯಕ್ಷೆ ಕುರ್ಚಿ ಬಿಡು” ಎಂದವಳು ನೀನು. ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೂ ಇನ್ನು ಮೇಲೆ ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಅದೇ ಸಭೆಯಲ್ಲಿ ನಾನು ಹೇಳಿದೆ. ಆ ಮಾತು ಮುರಿದಿಲ್ಲ. ಕಾಗದ ಬರೆಯುವುದು ಮಾತಾಡಿದಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಫೋನು ಮಾಡಬೇಡ.

ವಿಷಯಕ್ಕೆ ಬರುತ್ತೇನೆ. ನಮ್ಮ ರೇಷ್ಮೆ ಸೀರೆಯ ಅಂಚುಗಳನ್ನು ನೀನು ಬಲ್ಲೆ. ನಿಮ್ಮಜ್ಜನ ಕಾಲದಿಂದ ಬಂದವು, ಅಂಚಿನ ನಕ್ಷೆ ಹಾಕುವ ಯರ್ರಪ್ಪ ಬರೆದುಕೊಟ್ಟವು, ಎಲ್ಲ ಸೇರಿ ಒಂದು ಕೋಣೆಯ ತುಂಬ ರಟ್ಟಿನ ಕಾರ್ಡುಗಳಾಗಿ ಕೂತಿವೆ. ಆ ರಟ್ಟಿನ ತೂತುಗಳ ಪ್ರಕಾರ ಮಗ್ಗ ಎಳೆ ಎತ್ತಿದರೇ ಅಂಚಿನಲ್ಲಿ ಹೂವು ಮೂಡುವುದು. ಈಗ ರಟ್ಟಿಗೆ ಗೆದ್ದಲು ಹಿಡಿಯುತ್ತಿದೆ. ಯರ್ರಪ್ಪನಿಗೆ ಕಣ್ಣು ಹೋಯಿತು. ಅವನಂತೆ ಬರೆಯುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದಿದ್ದಾರೆ. ಅಂಚುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸುತ್ತಾರಂತೆ. ದೊಡ್ಡ ಅಂಗಡಿಯವರು ತಮ್ಮ ಊರಿನಲ್ಲೇ ಕೂತು ನೋಡಿ ಆರ್ಡರ್ ಕೊಡುತ್ತಾರಂತೆ. ಯಾವ ಅಂಚು ಬೇಕೋ ಅದಕ್ಕೆ ಹೊಸ ರಟ್ಟು ಹೊಡೆಸಿಕೊಂಡರಾಯಿತಂತೆ. ಕಂಪನಿಯ ಪರವಾಗಿ ಬಂದವನ ಹೆಸರು ರವಿಕಿರಣ್. ಜಗಲಿಯ ಮೇಲೆ ಕೂತು, “ಅಮ್ಮಾರೆ, ಎಲ್ಲಾ ಕ್ಲೌಡ್‌ನಾಗೆ ಇರ್ತೈತೆ, ನಿಮಗೆ ಯೋಚ್ನೆನೇ ಬ್ಯಾಡ” ಎಂದ. ಕ್ಲೌಡ್ ಎಂದರೆ ಮೋಡ ಎಂಬಷ್ಟು ಇಂಗ್ಲಿಷು ನನಗೂ ಗೊತ್ತು. “ನಮ್ಮ ತಾಲ್ಲೂಕಿನಾಗೆ ಮೋಡ ನಂಬ್ಕಂಡು ಯಾರೂ ಬೀಜ ಹಾಕಲ್ಲಪ್ಪ” ಎಂದೆ. ನಿಮ್ಮಪ್ಪ ನಕ್ಕರು. ಅವನೂ ನಕ್ಕ. ನಕ್ಕು ಒಪ್ಪಂದದ ಕಾಗದ ಮುಂದಿಟ್ಟ.

ಒಪ್ಪಂದದ ಕಾಗದದ ತುಂಬ ಇಂಥವೇ ಮಾತುಗಳು. ಸರ್ವರ್, ಲೈಸೆನ್ಸ್, ಡೇಟಾ, ಬ್ಯಾಕಪ್, ಅಡ್ಮಿನ್. ಸಂಘದ ಹೆಂಗಸರು, ನೀವು ಹೇಳಿದರೆ ಸರಿ ಎನ್ನುತ್ತಾರೆ. ಅವರಲ್ಲಿ ಎಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಗೊತ್ತಿಲ್ಲ ಎಂದು ಅವರ ಮುಂದೆ ಹೇಳುವುದಿಲ್ಲ. ರವಿಕಿರಣನ ಮುಂದೆ ಮೊದಲೇ ಹೇಳುವುದಿಲ್ಲ. ನೀನು ಎಣ್ಣೆ ಮಿಲ್ಲಿನಲ್ಲಿ ದಿನವೂ ಕಂಪ್ಯೂಟರಿನ ಮುಂದೆ ಕೂರುವವಳು. ಒಂದೊಂದಕ್ಕೂ ಅರ್ಥ ಬರೆದು ಕಳಿಸು. ಬುದ್ಧಿ ಹೇಳಬೇಡ, ಅರ್ಥ ಸಾಕು.

ಬಸವಲಿಂಗಮ್ಮ
ಅಧ್ಯಕ್ಷೆ, ರೇಷ್ಮೆ ನೇಕಾರ ಮಹಿಳೆಯರ ಸಂಘ

*

ಚಳ್ಳಕೆರೆ
೨೧ ಜೂನ್ ೨೦೨೩

ಅವ್ವನಿಗೆ ಶಾಂತಿಯ ನಮಸ್ಕಾರ.

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಅಪ್ಪನಿಗೆ ಏನೋ ಆಗಿದೆ ಎಂದುಕೊಂಡೆ. ಒಡೆಯಲು ಕೈ ಬರಲಿಲ್ಲ. ಮಧ್ಯಾಹ್ನ ಅಪ್ಪನಿಗೇ ಫೋನು ಮಾಡಿ ದನಿ ಕೇಳಿದ ಮೇಲೆ ಒಡೆದೆ.

ಸರ್ವರ್ ಎಂದರೆ ಎಲ್ಲೋ ದೂರದಲ್ಲಿ, ಯಾರದೋ ಕಟ್ಟಡದಲ್ಲಿ, ಆರಿಸದೆ ಓಡುತ್ತಿರುವ ದೊಡ್ಡ ಕಂಪ್ಯೂಟರ್. ನಮ್ಮ ಸಾಮಾನು ಅಲ್ಲಿರುತ್ತದೆ. ಕ್ಲೌಡ್ ಎಂದರೂ ಅದೇ, ಆಕಾಶದಲ್ಲಿ ಏನೂ ಇಲ್ಲ. ಇಲ್ಲಿ ರೈತರು ಶೇಂಗಾ ಚೀಲಗಳನ್ನು ಗೋದಾಮಿನಲ್ಲಿ ಇಟ್ಟುಹೋಗುತ್ತಾರಲ್ಲ, ಹಾಗೆ. ಚೀಲ ರೈತನದು, ಬಾಗಿಲು ಗೋದಾಮಿನವನದು. ಲೈಸೆನ್ಸ್ ಎಂದರೆ ಬಾಡಿಗೆ ಮಗ್ಗ. ಕೊಂಡೆವು ಎಂದು ತಿಳಿಯಬಾರದು. ವರ್ಷ ವರ್ಷ ಕಟ್ಟುವವರೆಗೆ ಕೂರಲು ಬಿಡುತ್ತಾರೆ, ಅಷ್ಟೆ.

ನಾವು ಒಳಗೆ ಹಾಕಿದ್ದೆಲ್ಲ ಡೇಟಾ. ನಿನಗೆ ಅದು ನಮ್ಮ ಅಂಚುಗಳು. ಬಿಟ್ಟು ಬರುವ ದಿನ ಅದನ್ನು ಹೊರಗೆ ತರಬಹುದೇ ಎಂದು ರುಜು ಹಾಕುವ ಮೊದಲೇ ಕೇಳು. ಗಂಡನ ಮನೆ ಬಿಟ್ಟು ಬರುವವಳಿಗೆ ಅವಳ ಪೆಟ್ಟಿಗೆ ಕೊಡುತ್ತೀರಾ ಎಂದು ಮದುವೆಯ ಮಾತುಕತೆಯಲ್ಲಿ ಯಾರೂ ಕೇಳುವುದಿಲ್ಲ. ಇದರಲ್ಲಿ ಕೇಳಬೇಕು.

ಬಿತ್ತನೆ ಬೀಜವನ್ನು ಇನ್ನೊಂದು ಮನೆಯಲ್ಲೂ ಒಂದಿಷ್ಟು ಎತ್ತಿಡುವುದೇ ಬ್ಯಾಕಪ್. ಕಂಪನಿಯವರು ನಾವೇ ಇಟ್ಟಿರುತ್ತೇವೆ ಎನ್ನುತ್ತಾರೆ. ಅದು ಅವರ ಕೈಯಲ್ಲಿರುತ್ತದೆ. ನಮ್ಮದೊಂದು ನಮ್ಮ ಕೈಯಲ್ಲಿ ಬೇಕು. ಹಳೆಯ ರಟ್ಟುಗಳನ್ನು ಕಳೆಯಬೇಡ.

ಇನ್ನು ಅಡ್ಮಿನ್. ಬೀಗದ ಕೈ ಇರುವವರು ಎಂದರ್ಥ. ಅವರ ಫೋನಿಗೆ ಓಟಿಪಿ ಅಂಕೆ ಬರುತ್ತದೆ, ಅದನ್ನು ಹಾಕಿದರೆ ಬಾಗಿಲು ತೆರೆಯುತ್ತದೆ. ಇಬ್ಬರನ್ನು ಅಡ್ಮಿನ್ ಮಾಡಿಸು. ಎರಡನೆಯದು ನನ್ನ ನಂಬರೇ ಆಗಬೇಕೆಂದಿಲ್ಲ.

ಬುದ್ಧಿ ಹೇಳಬೇಡ ಎಂದಿದ್ದೆ. ಅರ್ಥ ಹೇಳುತ್ತಾ ಹೋದರೆ ಅದೂ ಒಂದಿಷ್ಟು ಬಂದುಬಿಡುತ್ತದೆ.

ನಿನ್ನ ಮಗಳು
ಶಾಂತಿ

*

ಮೊಳಕಾಲ್ಮೂರು
೫ ಜುಲೈ ೨೦೨೩

ಶಾಂತಕುಮಾರಿಗೆ,

ಕಾಗದ ತಲುಪಿತು. ತಿಳಿಯಿತು. ರವಿಕಿರಣ್ ಬಂದಾಗ ಸರ್ವರ್ ಯಾವ ಊರಿನಲ್ಲಿದೆ, ಬಿಟ್ಟು ಹೋಗುವಾಗ ಡೇಟಾ ಯಾರದು ಎಂದು ಕೇಳಿದೆ. ಅವನ ಮುಖದ ನಗೆ ಹೋಯಿತು. ಹೊರಗೆ ಹೋಗಿ ನಿಮ್ಮಣ್ಣ ಪ್ರಭುವಿನ ಹತ್ತಿರ, “ಅಮ್ಮಾರು ಎಲ್ಲಾ ತಿಳ್ಕಂಡೇ ಕುಂತಾರೆ” ಎಂದನಂತೆ. ಡೇಟಾ ಸಂಘದ್ದೇ ಎಂದು ಕಾಗದದಲ್ಲಿ ಸೇರಿಸಿದ ಮೇಲೆಯೇ ರುಜು ಹಾಕಿದೆ.

ಅಡ್ಮಿನ್ ಒಬ್ಬರೇ. ಒಂದು ಮಗ್ಗದ ಗುಂಡಿಯಲ್ಲಿ ಇಬ್ಬರು ಕಾಲಿಟ್ಟರೆ ಬಟ್ಟೆ ಆಗುವುದಿಲ್ಲ. ನಾನು ಮೊಬೈಲು ಇಟ್ಟವಳಲ್ಲ, ಇಡುವುದೂ ಇಲ್ಲ. ಪ್ರಭುವಿಗೆ ಬಣ್ಣ ಹಾಕುವ ಕೈ ಚೆನ್ನಾಗಿದೆ, ಆದರೆ ಯಾರು ಏನು ಕೇಳಿದರೂ ಹೂಂ ಎನ್ನುವ ಬಾಯಿ. ಮನೆಯಲ್ಲಿ ಯಜಮಾನರು ಇರುವಾಗ ಬೇರೆಯವರ ನಂಬರು ಏಕೆ? ನಿಮ್ಮಪ್ಪನ ನಂಬರನ್ನೇ ಬರೆಸಿದೆ.

ಓಟಿಪಿ ಬಂದಾಗ ಅವರು ಜಗಲಿಯಿಂದ ಒಂದೊಂದೇ ಅಂಕೆ ಕೂಗುತ್ತಾರೆ, ಪ್ರಭು ಒಳಗೆ ಕೂತು ಒತ್ತುತ್ತಾನೆ. ಕೀಲುನೋವಿಗೆ ಮಗ್ಗ ಬಿಟ್ಟ ಮೇಲೆ ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಈಗಲೇ.

ಬಸವಲಿಂಗಮ್ಮ
ಅಧ್ಯಕ್ಷೆ

*

ಮೊಳಕಾಲ್ಮೂರು
೧೮ ನವೆಂಬರ್ ೨೦೨೩

ಶಾಂತಕುಮಾರಿಗೆ,

ಅಂಚುಗಳೆಲ್ಲ ಕಂಪ್ಯೂಟರಿಗೆ ಸೇರಿದವು. ನಿಮ್ಮಜ್ಜನ ರುದ್ರಾಕ್ಷಿ ಅಂಚಿಗೆ ದೂರದ ಅಂಗಡಿಯಿಂದ ಆರ್ಡರ್ ಬಂತು. ನೋಡಿದವರು ಇಂಥದ್ದು ಈಗ ಎಲ್ಲೂ ಇಲ್ಲ ಎಂದರಂತೆ. ಇರುವುದಿಲ್ಲ.

ಹಳೆಯ ರಟ್ಟುಗಳನ್ನು ಬಣ್ಣದ ಹಂಡೆಯ ಒಲೆಗೆ ಹಾಕಿಸಿದೆ. ನೀನು ಬೇಡ ಎಂದಿದ್ದೆ. ಗೆದ್ದಲು ನಿನ್ನನ್ನು ಕೇಳಿ ತಿನ್ನುವುದಿಲ್ಲ. ಆ ಕೋಣೆಯಲ್ಲಿ ಈಗ ಮಗ್ಗ ಹೂಡಿ ಹುಚ್ಚಕ್ಕನನ್ನು ಕೂರಿಸಿದ್ದೇನೆ. ಗಂಡನಿಲ್ಲದ ಹೆಂಗಸು, ಹೊಲದ ಕೂಲಿಗೆ ಹೋಗುವುದು ತಪ್ಪಿತು. ಅಂಚುಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಬೇಕಾದರೆ ಬೇರೆ ಪ್ಲಾನ್ ತಗೊಳ್ಳಬೇಕಂತೆ. ಮುಂದೆ ನೋಡೋಣ ಎಂದಿದ್ದೇನೆ.

ನಿಮ್ಮಪ್ಪನಿಗೆ ಉಬ್ಬಸ ಹೆಚ್ಚು. ಕೇಳಿದರೆ ಚೆನ್ನಾಗಿದ್ದೇನೆ ಎಂದು ನಿನಗೆ ಹೇಳುತ್ತಾರೆ. ನಂಬಬೇಡ.

ಬಸವಲಿಂಗಮ್ಮ
ಅಧ್ಯಕ್ಷೆ

*

ಮೊಳಕಾಲ್ಮೂರು
೨ ಮಾರ್ಚ್ ೨೦೨೪

ಶಾಂತಕುಮಾರಿಗೆ,

ನಿಮ್ಮಪ್ಪನ ಕಾರ್ಯಗಳೆಲ್ಲ ಮುಗಿದವು. ನೀನು ಮಣ್ಣಿಗೆ ಬಂದಿದ್ದೆ, ತಲೆಯ ಕಡೆ ನಿಂತಿದ್ದೆ. ನಾನು ಕಾಲಿನ ಕಡೆ ಇದ್ದೆ. ಒಮ್ಮೆ ನೀನು ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ನಾನು ಮುಖ ತಿರುಗಿಸಿದೆ. ಅಷ್ಟು ಜನರ ಎದುರಿಗೆ ಕೊಟ್ಟ ಮಾತನ್ನು ಅಷ್ಟೇ ಜನರ ಎದುರಿಗೆ ಮುರಿಯಲಾಗುವುದಿಲ್ಲ.

ನಮ್ಮ ಮನೆಯಲ್ಲಿ ಹೋದವರು ಬದುಕಿನಲ್ಲಿ ಹಿಡಿದಿದ್ದನ್ನು ಅವರ ಕೈಯಲ್ಲೇ ಇಟ್ಟು ಕಳಿಸುತ್ತೇವೆ. ನಿಮ್ಮಜ್ಜನ ಕೈಯಲ್ಲಿ ನೇಯುವ ಲಾಳಿ ಹೋಯಿತು, ಅಜ್ಜಿಯ ಕೈಯಲ್ಲಿ ನೂಲುವ ಕದಿರು. ಅಯ್ಯನವರು ಲಾಳಿ ತನ್ನಿ ಎಂದರು. ನಾನು ಬೇಡ ಎಂದೆ. ನಿಮ್ಮಪ್ಪ ಲಾಳಿ ಮುಟ್ಟದೆ ಎಷ್ಟೋ ವರ್ಷವಾಗಿತ್ತು. ಕಡೆಯ ಕಾಲದಲ್ಲಿ ಹಿಡಿದು ಬಿಡದೆ ಇದ್ದದ್ದು ಫೋನು. ಹೋಗುವವರ ಕೈಯಲ್ಲಿ ಸುಳ್ಳು ಇಡಬಾರದು. ಫೋನನ್ನೇ ಇಟ್ಟು ಬೆರಳು ಮಡಿಸಿದೆ. ಜನ ಗುಸುಗುಸು ಎಂದರು. ಎನ್ನಲಿ.

ಅವರ ಪಂಚೆಗಳಲ್ಲಿ ಒಂದು ನಿನಗೆ ಬೇಕಿದ್ದರೆ ಬರೆ. ಪ್ರಭು ಬಸ್ಸಿಗೆ ಹಾಕುತ್ತಾನೆ.

ಬಸವಲಿಂಗಮ್ಮ

*

ಮೊಳಕಾಲ್ಮೂರು
೧೧ ಆಗಸ್ಟ್ ೨೦೨೪

ಶಾಂತಕುಮಾರಿಗೆ,

ಪಂಚೆ ಬೇಕು ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ಇರಲಿ.

ಕರೆಂಟು ಏರಿಳಿದು ಸಂಘದ ಕಂಪ್ಯೂಟರ್ ಕೆಟ್ಟಿತ್ತು. ರಿಪೇರಿಯವನು ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ ಕೊಟ್ಟ. ಮೊದಮೊದಲು ಬಿಟ್ಟರೆ ಇಷ್ಟು ದಿನ ಸಾಫ್ಟ್‌ವೇರು ಏನೂ ಕೇಳದೆ ತನ್ನಷ್ಟಕ್ಕೆ ತೆರೆಯುತ್ತಿತ್ತು. ಈಗ ನಮ್ಮ ಗುರುತು ಸಿಗುತ್ತಿಲ್ಲ. ಪ್ರಭು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಅವ್ವ, ಓಟಿಪಿ ಕೇಳ್ತೈತೆ” ಎಂದ. ಕೇಳಿದರೆ ಹಾಕು ಎಂದೆ. “ಅಪ್ಪನ ನಂಬರ್‌ಗೆ ಹೋಗೈತೆ” ಎಂದ. ಒಲೆಯ ಮೇಲಿದ್ದದ್ದು ಸೀದುಹೋಯಿತು.

ಕಂಪನಿಗೆ ಫೋನು ಮಾಡಿಸಿದೆ. ರವಿಕಿರಣ್ ಕೆಲಸ ಬಿಟ್ಟಿದ್ದಾನೆ. ಅಡ್ಮಿನ್ ನಂಬರು ಬದಲಿಸಬೇಕಾದರೆ ಹಳೆಯ ಅಡ್ಮಿನ್ನೇ ಒಪ್ಪಬೇಕಂತೆ, ಒಪ್ಪಿಗೆಯ ಓಟಿಪಿ ಅವರ ನಂಬರಿಗೇ ಹೋಗುತ್ತದಂತೆ. ಅವರು ತೀರಿಹೋದರು ಎಂದು ಪ್ರಭು ಹೇಳಿದ. ತುಂಬ ವಿಷಾದವಾಯಿತು ಎಂದಳಂತೆ ಆ ಹುಡುಗಿ. ಆಮೇಲೆ ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳಂತೆ. ಡೇಟಾ ಸಂಘದ್ದೇ ಎಂದು ಕಾಗದದಲ್ಲಿದೆ ಎಂದರೆ, ಸಂಘದ್ದೇ, ಅಡ್ಮಿನ್ ಬಂದು ತೆಗೆದುಕೊಳ್ಳಲಿ ಎಂದಳಂತೆ. ವರ್ಷದ ಕೊನೆಗೆ ನಮ್ಮ ಬಾಡಿಗೆ ಮುಗಿಯುತ್ತದೆ. ಕಟ್ಟಲು ಒಳಗೆ ಹೋಗಬೇಕು. ಕಟ್ಟದಿದ್ದರೆ ಎಲ್ಲ ಅಳಿಸಿಬಿಡುತ್ತಾರೆ.

ಅದೇ ನಂಬರಿಗೆ ಹೊಸ ಸಿಮ್ಮು ಕೊಡಿ ಎಂದರೆ ಫೋನಿನ ಆಫೀಸಿನಲ್ಲಿ ನಂಬರು ನಿಮ್ಮವರ ಹೆಸರಿನಲ್ಲೇ ಇಲ್ಲ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಾಕಿ ಕೂತಿದ್ದವನ ಹತ್ತಿರ ತಂದ ಸಿಮ್ಮು. ಯಾರ ಆಧಾರ್ ಕಾರ್ಡಿನ ಮೇಲೆ ಕೊಟ್ಟನೋ.

ನೇಯುವವರ ಮನೆಯಲ್ಲಿ ಸೀರೆ ನಿಲ್ಲುವುದಿಲ್ಲ. ಆರ್ಡರಿಗೆಂದು ಹೊಡೆಸಿದ ಹೊಸ ರಟ್ಟುಗಳನ್ನೂ ಕೆಲಸ ಮುಗಿದ ಮೇಲೆ ಒಲೆಗೇ ಹಾಕಿಸಿದ್ದೆ. ಮಗ್ಗದ ಮೇಲೆ ಈಗಿರುವ ಸಾದಾ ಅಂಚುಗಳು ಬಿಟ್ಟರೆ ನಮ್ಮ ಹತ್ತಿರ ಇನ್ನೇನೂ ಇಲ್ಲ. ಮಣ್ಣು ಮಾಡುವಾಗ ನೀನು ಅಲ್ಲೇ ನಿಂತಿದ್ದೆ. ಅಡ್ಮಿನ್ ಯಾರ ನಂಬರು ಎಂಬುದು ನಿನಗೆ ಗೊತ್ತಿತ್ತು. ಆಗ ನಿನಗೆ ಹೊಳೆಯಿತೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಈಗ ದಾರಿ ಏನು ಎಂದು ಬರೆ.

ಬಸವಲಿಂಗಮ್ಮ
ಅಧ್ಯಕ್ಷೆ

*

ಚಳ್ಳಕೆರೆ
೧೭ ಆಗಸ್ಟ್ ೨೦೨೪

ಅವ್ವನಿಗೆ ನಮಸ್ಕಾರ.

ಇಲ್ಲಿ ತಿಳಿದವರನ್ನು ವಿಚಾರಿಸಿದೆ. ಬಹಳ ದಿನ ರೀಚಾರ್ಜ್ ಇಲ್ಲದ ನಂಬರನ್ನು ನಿಲ್ಲಿಸುತ್ತಾರೆ. ಸ್ವಲ್ಪ ಕಾಲ ಖಾಲಿ ಬಿಟ್ಟು ಆಮೇಲೆ ಬೇರೆ ಯಾರಿಗಾದರೂ ಕೊಡುತ್ತಾರೆ. ಅಪ್ಪನ ನಂಬರು ಇನ್ನೂ ಯಾರಿಗೂ ಹೋಗಿಲ್ಲ. ನಿನ್ನೆಯೂ ಕರೆ ಮಾಡಿ ನೋಡಿದೆ, ಈ ನಂಬರು ಬಳಕೆಯಲ್ಲಿಲ್ಲ ಎಂದಿತು. ಅಪ್ಪ ಹೋದ ಮೇಲೆ ಆಗಾಗ ಮಾಡಿ ಕೇಳಿದ್ದೇನೆ.

ಹಳೆಯ ಸಿಮ್ಮನ್ನು ತಂದರೆ ಅದರ ಬೆನ್ನಿನ ಮೇಲಿರುವ ಅಂಕೆ ನೋಡಿ ನಂಬರನ್ನು ಮತ್ತೆ ಎಬ್ಬಿಸಲು ಪ್ರಯತ್ನಿಸುತ್ತೇನೆ ಎಂದು ಒಬ್ಬ ಅಂಗಡಿಯವನು ಹೇಳಿದ. ಆಗುತ್ತದೆ ಎಂದು ಹೇಳಲಿಲ್ಲ. ಮಣ್ಣಿನಲ್ಲಿ ಸಿಮ್ಮು ಕೆಡುವುದಿಲ್ಲವಂತೆ. ಯಾವ ಮಣ್ಣು ಎಂದು ನಾನು ಅವನಿಗೆ ಹೇಳಲಿಲ್ಲ.

ಮಾಡುವುದಾದರೆ ಈ ವಾರವೇ ಮಾಡಬೇಕು. ಬೇಡವೆನ್ನಿಸಿದರೆ ಅಂಚುಗಳನ್ನು ಮರೆತುಬಿಡು. ಎರಡರಲ್ಲಿ ಯಾವುದು ಸರಿ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ನೀನು ಕೇಳುವುದಿಲ್ಲ ಎಂದು ಬರೆದದ್ದಕ್ಕೆ ನಾನೂ ಏನೂ ಬರೆಯುವುದಿಲ್ಲ.

ಶಾಂತಿ

*

ಮೊಳಕಾಲ್ಮೂರು
೩ ಸೆಪ್ಟೆಂಬರ್ ೨೦೨೪

ಶಾಂತಕುಮಾರಿಗೆ,

ಇದು ಹೂತವರನ್ನು ಎಬ್ಬಿಸುವ ಮನೆಯಲ್ಲ. ಪ್ರಭುವಿಗೂ ಅದನ್ನೇ ಹೇಳಿದ್ದೇನೆ. ಯರ್ರಪ್ಪನನ್ನು ಕೂರಿಸಿ ಬಾಯಲ್ಲಿ ಹೇಳಿಸಿ ಬರೆಸೋಣ ಎಂದು ಕರೆತಂದೆ. ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಹೇಳುತ್ತಾ ಹೋದ. ನಡುವೆ ನಿಂತು, “ಕೈಗೆ ನೆಪ್ಪೈತೆ ಕಣಮ್ಮ, ಬಾಯಿಗೆ ಬರ್ತಿಲ್ಲ” ಎಂದ. ಕೈಗೆ ಪೆನ್ಸಿಲು ಕೊಟ್ಟೆ. ಕಾಗದದ ಅಂಚು ದಾಟಿ ಮೇಜಿನ ಮೇಲೆಲ್ಲ ಗೀಚಿದ. ಅವನಿಗೆ ಅದು ಗೊತ್ತಾಗಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಬಸವಲಿಂಗಮ್ಮ
ಅಧ್ಯಕ್ಷೆ

*

ಮೊಳಕಾಲ್ಮೂರು
೨೪ ನವೆಂಬರ್ ೨೦೨೪

ಶಾಂತಕುಮಾರಿಗೆ,

ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ.

ದಸರಾ ಆದ ಮೇಲೆ ಆರ್ಡರ್‌ಗಳು ನಿಂತವು. ಅಂಗಡಿಯವರಿಗೆ ಬೇಕಾದ ಅಂಚು ನಮ್ಮ ಹತ್ತಿರ ಇಲ್ಲ, ನಮ್ಮ ಹತ್ತಿರ ಇರುವ ಸಾದಾ ಅಂಚು ಎಲ್ಲೆಲ್ಲೂ ಸಿಗುತ್ತದೆ. ಒಬ್ಬೊಬ್ಬರೇ ಬಿಟ್ಟರು. ಹುಚ್ಚಕ್ಕ ಬಂದು, “ಬಸಲಿಂಗಕ್ಕ, ಸಾದಾ ಸೀರೆಗೆ ಪವರ್‌ಲೂಮ್ ಐತಲ್ಲ, ನಾನ್ಯಾಕೆ” ಎಂದಳು. ಕೋಪದಿಂದ ಹೇಳಲಿಲ್ಲ. ಮತ್ತೆ ಶೇಂಗಾ ಕೀಳಲು ಹೋಗುತ್ತಿದ್ದಾಳೆ. ಅವಳು ಮಗ್ಗದ ಗುಂಡಿಯಿಂದ ಎದ್ದು ಹೋದ ಮೇಲೆ ನಾನು ಪ್ರಭುವನ್ನು ಕರೆದು ಗುದ್ದಲಿ ತೆಗೆದುಕೋ ಎಂದೆ.

ಕತ್ತಲಿರುವಾಗಲೇ ಮುಗಿಸೋಣ ಎಂದ. ನಾವು ಕಳ್ಳರಲ್ಲ ಎಂದೆ. ಬಿಸಿಲು ಬಂದ ಮೇಲೆ ಹೋದೆವು. ಅಯ್ಯನವರನ್ನು ಕರೆಸಿದ್ದೆ, ಅವರು ಬಂದು ಬೆನ್ನು ಮಾಡಿ ನಿಂತರು. ಊರಿನವರು ದೂರದಲ್ಲಿ ನಿಂತು ನೋಡಿದರು. ಪ್ರಭು ಅಗೆದ. ಅವನಿಗೆ ಕೈಹಾಕಲು ಆಗಲಿಲ್ಲ, ಪಕ್ಕಕ್ಕೆ ಹೋಗಿ ಕೂತುಬಿಟ್ಟ. ನಾನೇ ಇಳಿದೆ. ಅಲ್ಲಿ ಕಂಡದ್ದನ್ನು ಬರೆಯುವುದಿಲ್ಲ. ಬೆರಳು ಮಡಿಸಿದವಳು ನಾನೇ, ಬಿಡಿಸಿದವಳೂ ನಾನೇ. ಆಮೇಲೆ ಮಣ್ಣು ಮುಚ್ಚಿ, ನೀರು ಬಿಟ್ಟು, ವಿಭೂತಿ ಇಟ್ಟು ಬಂದೆವು.

ಸ್ನಾನ ಮಾಡಿ ಸೀರೆ ಬದಲಿಸಿ, ಸಂಘದ ಕಂಪ್ಯೂಟರಿನಲ್ಲಿ ಮಾಡುವುದನ್ನು ಅಂಗಡಿಯಲ್ಲೇ ಮಾಡಬಹುದು ಎಂದು ಪ್ರಭು ಹೇಳಿದ್ದರಿಂದ ನಾನೂ ಅವನ ಜೊತೆ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಸಿಮ್ಮನ್ನು ಬಿಡಿಸಿ ಒರೆಸಿ ಬೇರೆ ಫೋನಿಗೆ ಹಾಕಿದ. ಏನೂ ಬರಲಿಲ್ಲ. ತೆಗೆದು ಮೇಜಿನ ಮೇಲಿಟ್ಟು, ತನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದ. ಸಿಮ್ಮು ನಮ್ಮ ಕಣ್ಣೆದುರಿಗೇ ಇತ್ತು. ಎಲ್ಲೋ ರಿಂಗಾಯಿತು.

ಒಬ್ಬ ಹೆಂಗಸು ಎತ್ತಿದಳು. ಪಾವಗಡದ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು. ನಂಬರು ಇತ್ತೀಚೆಗೆ ತಗೊಂಡಳಂತೆ. ನಾನೇ ಮಾತಾಡಿದೆ. ನನಗೆ ತಿಳಿದ ತೆಲುಗಿನಲ್ಲೂ ಹೇಳಿದೆ. ಸಂಘದ ಕಥೆ, ಅಂಚುಗಳ ಕಥೆ, ಎಲ್ಲ. ಬೇರೇನೂ ಬೇಡ, ಈಗ ಒಂದು ಓಟಿಪಿ ಬರುತ್ತದೆ, ಅದನ್ನು ಓದಿ ಹೇಳು ತಾಯಿ ಎಂದೆ. ಯಾರನ್ನೂ ಹಾಗೆ ಬೇಡಿದವಳಲ್ಲ ನಾನು. ಪ್ರಭು ಪಕ್ಕದಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಿದ. ಅವಳ ಫೋನಿಗೆ ಅದು ಬಂದ ಸದ್ದು ನನಗೂ ಕೇಳಿಸಿತು.

“ಬಂತಮ್ಮ” ಎಂದಳು. “ಆದ್ರೆ ಹೇಳಲ್ಲ. ಓಟಿಪಿ ಕೇಳೋರ್ಗೆ ಹೇಳ್ಬ್ಯಾಡ ಅಂತ ಬ್ಯಾಂಕಿನೋರು ಹೇಳ್ಯಾರೆ. ನಮ್ಮಕ್ಕನ ದುಡ್ಡೆಲ್ಲ ಹಿಂಗೇ ಯಾರೋ ಅತ್ಕಂಡು ಕೇಳಿ ಹೊಡ್ಕಂಡೋದ್ರು.”

ಇದು ನಮ್ಮ ಯಜಮಾನರ ನಂಬರು ಎಂದೆ. ಅವರ ಹೆಸರೇನು ಎಂದು ಕೇಳಿದಳು. ಮದುವೆಯಾದಂದಿನಿಂದ ನನ್ನ ಬಾಯಲ್ಲಿ ಬರದ ಹೆಸರನ್ನು ಆ ಅಂಗಡಿಯ ಮುಂದೆ ನಿಂತು ಹೇಳಿದೆ.

“ಆಗ್ಲಿ. ಹೊನ್ನೂರಸ್ವಾಮಿಯೋರ ಕೈಗೇ ಫೋನ್ ಕೊಡ್ರಿ. ಅವ್ರು ಕೇಳಿದ್ರೆ ಹೇಳ್ತೀನಿ” ಎಂದಳು.

ನಾನು ಫೋನನ್ನು ಅಂಗಡಿಯವನಿಗೆ ಹಿಂದಿರುಗಿಸಿದೆ. ಪ್ರಭು ಮತ್ತೆ ಮತ್ತೆ ಮಾಡಿದ, ಅವಳು ಎತ್ತಲಿಲ್ಲ. ಈಗ ಕರೆ ಹೋಗುವುದೇ ಇಲ್ಲ. ಅವಳದು ತಪ್ಪು ಎಂದು ನಾನು ಹೇಳುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಹೇಳುತ್ತಿರಲಿಲ್ಲ. ನೀನೂ ಅವಳಿಗೆ ಕರೆ ಮಾಡಿ ಅಂಗಲಾಚಬೇಡ.

ಸಂಘದ ಬಾಗಿಲು ಹಾಕಿಸಿದ್ದೇನೆ. ಸಭೆ ಕರೆಯಲು ಸದಸ್ಯರೇ ಉಳಿದಿಲ್ಲ.

ಮಾರನೆಯ ದಿನ ಅಯ್ಯನವರ ಹತ್ತಿರ ಹೋಗಿದ್ದೆ. ಫೋನು ಕೆಲಸಕ್ಕೆ ಬರಲಿಲ್ಲ, ತಿರುಗಿ ಇಟ್ಟುಬಿಡೋಣ, ಅದು ಆಗದಿದ್ದರೆ ಲಾಳಿಯನ್ನಾದರೂ ಇಡೋಣ ಎಂದೆ. ಒಂದು ಸಲ ತೆಗೆದಿದ್ದೇ ಹೆಚ್ಚಾಯಿತು, ಇನ್ನು ಆ ಮಣ್ಣು ಮುಟ್ಟುವ ಹಾಗಿಲ್ಲ ಎಂದರು. ಮನೆಗೆ ಬಂದು ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟೆ.

ನಮ್ಮ ಮನೆಯಿಂದ ಹೋದವರಲ್ಲಿ ನಿಮ್ಮಪ್ಪನ ಕೈ ಒಂದೇ ಬರಿದು.

ಬಸವಲಿಂಗಮ್ಮ